ನಿಷೇಧಾಜ್ಞೆ ಬಿದ್ದ ಊರಿನಲ್ಲಿ ಸಾಕ್ಷ್ಯಚಿತ್ರ: ಕಾರ್ಡು, ಕಾರು, ಮಾತನಾಡಿದವರ ಜೀವ

ಪ್ರಶ್ನೆ: ನಾವು ಕಲಬುರಗಿಯ ಮೂವರು ಗೆಳೆಯರು. ಯಾದಗಿರಿ ಜಿಲ್ಲೆಯ ಒಂದು ಊರಿನಲ್ಲಿ ಪಂಚಾಯಿತಿ ಚುನಾವಣೆ ಆದಮೇಲೆ ಎರಡು ಗುಂಪುಗಳ ನಡುವೆ ಹೊಡೆದಾಟವಾಗಿ, ಒಂದು ಕೇರಿಯವರಿಗೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ಎಲ್ಲ ಬಂದ್ ಮಾಡಿದ್ದಾರೆ. ಎರಡು ಸಲ ನಿಷೇಧಾಜ್ಞೆ ಹಾಕಿದ್ದಾರೆ. ಇದರ ಮೇಲೆ 40 ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕೆಂದಿದ್ದೇವೆ. ಒಂದು ಮಿರರ್‌ಲೆಸ್ ಕ್ಯಾಮೆರಾ, ಎರಡು ಫೋನು, ಒಂದು ಬಾಡಿಗೆ ಕಾರು ನಮ್ಮ ಬಳಿ ಇದೆ. ನಮಗೂ ಫೂಟೇಜಿಗೂ ಅಪಾಯ ಆಗದಂತೆ ಹೇಗೆ ಕೆಲಸ ಮಾಡಬೇಕು?

ಉತ್ತರ: ‘ನಮಗೂ ಫೂಟೇಜಿಗೂ’ ಎಂದು ಕೇಳಿದ್ದೀರಿ. ಕ್ಯಾಮೆರಾ ಮುಂದೆ ಕೂತು ಮಾತನಾಡುವವರು ಆ ಸಾಲಿನಲ್ಲಿ ಇಲ್ಲ. ಸಂಜೆ ನೀವು ಕಾರು ಹತ್ತಿ ಕಲಬುರಗಿಗೆ ಮರಳುತ್ತೀರಿ. ಅವರು ಮರುದಿನ ಬೆಳಿಗ್ಗೆ ಅದೇ ಬೋರ್‌ವೆಲ್ಲಿಗೆ ನೀರಿಗೆ ಹೋಗಬೇಕು. ಊರ ಅಗಸಿ ದಾಟಿದ ಮೇಲೆ ನಿಮ್ಮ ಅಪಾಯ ಬಹುಮಟ್ಟಿಗೆ ಮುಗಿಯುತ್ತದೆ, ಅವರದ್ದು ಆಗ ಶುರುವಾಗುತ್ತದೆ. ಅದಕ್ಕೇ ಇಲ್ಲಿ ಹೇಳುವುದನ್ನೆಲ್ಲ ಅವರ ಕಡೆಯಿಂದ ನೋಡಿ ಹೇಳಿದೆ.

ಮೊದಲ ಎರಡು ಭೇಟಿಗೆ ಕ್ಯಾಮೆರಾ ಒಯ್ಯಬೇಡಿ. ಹಗಲು ಹೊತ್ತಿನಲ್ಲಿ ಹೋಗಿ, ಎರಡೂ ಕಡೆಯ ಹಿರಿಯರನ್ನು ಒಂದೇ ದಿನ ಕಂಡು ಬನ್ನಿ. ಮೊದಲ ಚಾ ಯಾರ ಮನೆಯಲ್ಲಿ ಕುಡಿದಿರಿ ಎಂಬ ಸುದ್ದಿ ನೀವು ಎರಡನೇ ಓಣಿ ಮುಟ್ಟುವ ಮುಂಚೆ ಊರೆಲ್ಲ ಹರಡಿರುತ್ತದೆ. ಹಾಗಾಗಿ ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿಯಂಥ ಎಲ್ಲರೂ ಬರುವ ಜಾಗದಿಂದ ಶುರು ಮಾಡುವುದು ಒಳ್ಳೆಯದು. ಬಾಡಿಗೆ ಕಾರು ಯಾರದ್ದು, ಚಾಲಕ ಯಾವ ಊರಿನವನು, ಅವನ ನೆಂಟರು ಯಾರು ಎಂದು ಮುಂಚೆಯೇ ಕೇಳಿಕೊಳ್ಳಿ. ಆ ತಾಲ್ಲೂಕಿನ ಹೊರಗಿನ ಚಾಲಕ ಸಿಕ್ಕರೆ ಉತ್ತಮ. ಭಾಷೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳಲ್ಲಿ ದಖನಿ ಉರ್ದು ಬೇಕಾಗುತ್ತದೆ. ಊರಿನವನನ್ನೇ ದುಭಾಷಿ ಮಾಡಿಕೊಂಡರೆ ಅವನ ಎದುರು ಆಡಬಾರದ ಮಾತನ್ನು ಯಾರೂ ಆಡುವುದಿಲ್ಲ. ಆಡಿದರೆ ಅದು ರಾತ್ರಿಯೊಳಗೆ ಎದುರು ಗುಂಪಿಗೆ ಮುಟ್ಟುವ ಸಂಭವವೂ ಇದೆ.

ದಾರಿ, ಮಣ್ಣು, ತೊಗರಿ

ನಮ್ಮ ಕಡೆಯ ಎರೆಮಣ್ಣು ಒಂದು ಹದ ಮಳೆ ಬಿದ್ದರೆ ಸಾಕು, ಚಕ್ರ ಕಚ್ಚಿಹಿಡಿದು ಬಿಡುವುದಿಲ್ಲ. ಗಲಾಟೆ ಶುರುವಾದಾಗ ಕಾರು ಹೊಲದ ದಾರಿಯಲ್ಲಿ ಹೂತಿದ್ದರೆ ನಿಮಗೆ ಬೇರೆ ಉಪಾಯ ಉಳಿಯುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾರನ್ನು ಡಾಂಬರು ರಸ್ತೆಯ ಮೇಲೇ ನಿಲ್ಲಿಸಿ, ಒಳಗೆ ನಡೆದು ಹೋಗಿ. ಕಾರಿನ ಮೂತಿ ಊರ ಹೊರಗಡೆ ಇರಲಿ, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ, ಚಾಲಕ ಕಾರು ಬಿಟ್ಟು ಕದಲದಿರಲಿ. ಹೋದ ದಾರಿಯಲ್ಲೇ ಮರಳಬೇಕಾದ ಊರಾದರೆ ಎರಡನೇ ದಾರಿಯನ್ನು ಕಾಲ್ನಡಿಗೆಯಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ನಕ್ಷೆಯ ಮೇಲಿನ ಸೇತುವೆಯನ್ನೂ ನಂಬುವಂತಿಲ್ಲ. ನಾರಾಯಣಪುರದ ಬಸವಸಾಗರದಿಂದ ನೀರು ಹೆಚ್ಚು ಬಿಟ್ಟಾಗ ಶಹಾಪುರ ಕಡೆಯ ಕೊಳ್ಳೂರು ಸೇತುವೆ ಮುಳುಗುತ್ತದೆ. ಭೀಮೆ ಉಕ್ಕಿದರೆ ಅಫಜಲಪುರದ ಘತ್ತರಗಾ ಸೇತುವೆಯ ಗತಿಯೂ ಅದೇ.

ಹೊರಗಿನವರ ಲಕ್ಷ್ಯಕ್ಕೆ ಬಾರದ ಇನ್ನೊಂದು ಸಂಗತಿ ತೊಗರಿ. ಅಕ್ಟೋಬರ್ ಹೊತ್ತಿಗೆ ಅದು ಆಳೆತ್ತರ ಬೆಳೆದು ಎರಡೂ ಬದಿ ಗೋಡೆಯಂತೆ ನಿಲ್ಲುತ್ತದೆ. ಡಿಸೆಂಬರ್–ಜನವರಿಯ ಕಟಾವಿನವರೆಗೂ ಹೊಲದ ದಾರಿಯಲ್ಲಿ ಎದುರಿಗೆ ಯಾರು ಬರುತ್ತಿದ್ದಾರೆ, ಎಷ್ಟು ಜನ ಎಂಬುದು ಹತ್ತು ಮಾರು ಹತ್ತಿರ ಬರುವ ತನಕ ಕಾಣುವುದಿಲ್ಲ. ಆ ತಿಂಗಳುಗಳಲ್ಲಿ ಹೊಲದ ನಡುವಿನ ಶೂಟಿಂಗ್ ಬೇಡ.

ಮೂವರೂ ಊರಿಗೆ ಹೋಗಬೇಡಿ. ಇಬ್ಬರು ಹೋಗಿ, ಒಬ್ಬರು ಕಲಬುರಗಿಯಲ್ಲಿ ಫೋನ್ ಹಿಡಿದು ಕೂರಬೇಕು. ಎರಡು ತಾಸಿಗೊಮ್ಮೆ ಕರೆ ಮಾಡಬೇಕು. ಹೇಳಿದ ಹೊತ್ತು ಮೀರಿ 30 ನಿಮಿಷವಾದರೆ ಕೂತವರು ನಿಮಗೂ ಚಾಲಕನಿಗೂ ಕರೆ ಮಾಡಬೇಕು, 60 ನಿಮಿಷಕ್ಕೆ ವಕೀಲರಿಗೆ, 90 ನಿಮಿಷಕ್ಕೆ ಜಿಲ್ಲಾ ಪೊಲೀಸ್ ನಿಯಂತ್ರಣ ಕೊಠಡಿಗೆ ಅಥವಾ 112ಕ್ಕೆ. ಎಲ್ಲ ಸರಿಯಿದೆ ಎಂದು ಹೇಳಲು ಒಂದು ಮಾತು, ಬಲವಂತದಿಂದ ಮಾತನಾಡುತ್ತಿದ್ದೇನೆ ಎಂದು ತಿಳಿಸಲು ಇನ್ನೊಂದು ಮಾತು ಮೊದಲೇ ಗೊತ್ತು ಮಾಡಿಕೊಳ್ಳಿ. ‘ಊಟ ಆಯ್ತು’, ‘ಊಟ ಇನ್ನೂ ಆಗಿಲ್ಲ’ ಎಂಬಷ್ಟು ಸಾದಾ ಮಾತಾದರೆ ಸಾಕು. ಗಲಾಟೆಯ ದಿನ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದರೂ ಕರೆ ಮತ್ತು ಎಸ್‌ಎಂಎಸ್ ಸಾಮಾನ್ಯವಾಗಿ ನಡೆಯುತ್ತವೆ. ಆದ್ದರಿಂದ ಕರೆಯನ್ನು ವಾಟ್ಸ್ಆ್ಯಪ್ ಮೇಲೆ ಬಿಡಬೇಡಿ, ನಕ್ಷೆಯನ್ನು ಆಫ್‌ಲೈನ್ ಇಳಿಸಿಟ್ಟುಕೊಳ್ಳಿ, ಮುಖ್ಯ ನಂಬರುಗಳನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ. ಫೋನು ಕಸಿದುಕೊಂಡರೆ ಉಳಿಯುವುದು ಆ ಚೀಟಿ ಮಾತ್ರ.

ಮುಖ ತೋರಿಸದ ಸಂದರ್ಶನ

ಸಂಕಲನದಲ್ಲಿ ಮುಖ ಮಸುಕು ಮಾಡಿದರಾಯಿತು ಎಂದುಕೊಳ್ಳುವುದು ಇಂಥ ಚಿತ್ರಗಳಲ್ಲಿ ಪದೇಪದೇ ನಡೆಯುವ ತಪ್ಪು. ಮಸುಕು ಬರುವುದು ಕೊನೆಯ ಪ್ರತಿಯಲ್ಲಿ. ಕಾರ್ಡಿನಲ್ಲಿ, ಡಿಸ್ಕಿನಲ್ಲಿ ಮುಖ ಹಾಗೇ ಇರುತ್ತದೆ; ಅದು ಕೈತಪ್ಪಿದ ದಿನ ಮಸುಕಿನಿಂದ ಏನೂ ಉಪಯೋಗವಿಲ್ಲ. ಹೆಸರು ಹೊರಬರಬಾರದ ವ್ಯಕ್ತಿಯನ್ನು ಚಿತ್ರೀಕರಿಸುವಾಗಲೇ ಗುರುತು ಸಿಗದಂತೆ ಹಿಡಿಯಿರಿ. ಹಿಂದಿನಿಂದ, ಕೈಯ ಮೇಲೆ, ನೆಲದ ಮೇಲೆ ಬಿದ್ದ ನೆರಳಿನ ಮೇಲೆ ಚೌಕಟ್ಟು ಇಡಿ. ಕಿಟಕಿಯ ಬೆಳಕನ್ನು ಬೆನ್ನಿಗೆ ಕೊಟ್ಟು ಕಪ್ಪು ಆಕೃತಿಯಾಗಿ ಹಿಡಿಯುವುದಾದರೆ ಎಕ್ಸ್‌ಪೋಷರನ್ನು ಕ್ಯಾಮೆರಾದಲ್ಲೇ ಪೂರ್ತಿ ಇಳಿಸಿ. ಅರೆಕತ್ತಲೆಯ ಮುಖವನ್ನು ಸಾಫ್ಟ್‌ವೇರಿನಲ್ಲಿ ಬೆಳಕು ಎತ್ತಿ ಮತ್ತೆ ಕಾಣಿಸಬಹುದು.

ಊರಿನವರು ಮನುಷ್ಯನನ್ನು ಗುರುತಿಸುವುದು ಮುಖದಿಂದ ಮಾತ್ರ ಎಂದು ತಿಳಿಯಬೇಡಿ. ಬಾಗಿಲ ಬಣ್ಣ, ಕೈಯ ಹಚ್ಚೆ, ಸೀರೆಯ ಅಂಚು, ಗೋಡೆಯ ಮೇಲಿನ ಫೋಟೋ, ಕಟ್ಟಿದ ಎತ್ತಿನ ಕೋಡು, ಮಾತಿನ ನಡುವೆ ಕೆಮ್ಮುವ ರೀತಿ ಇವೆಲ್ಲ ನೆರೆಮನೆಯವರಿಗೆ ಹೆಸರು ಹೇಳಿದಷ್ಟೇ ಸ್ಪಷ್ಟ. ದನಿಯ ಏರಿಳಿತ ಬದಲಿಸಿದರೆ ಸಾಲದು, ಅದನ್ನು ತಿರುಗಿ ಸರಿಪಡಿಸಲು ಬರುತ್ತದೆ. ಹೇಳಿದ್ದನ್ನು ಅಕ್ಷರಕ್ಕಿಳಿಸಿ, ಅದೇ ಭಾಗದ ಕನ್ನಡ ಆಡುವ ಬೇರೊಬ್ಬರಿಂದ ಓದಿಸಿ, ಹೀಗೆ ಮಾಡಿದ್ದೇವೆ ಎಂದು ಪರದೆಯ ಮೇಲೆ ಬರೆಯಿರಿ. ಬಹಳ ಹೆದರಿದವರ ಜೊತೆ ಕ್ಯಾಮೆರಾ ಬೇಡವೇ ಬೇಡ, ಸಣ್ಣ ರೆಕಾರ್ಡರ್ ಸಾಕು. ಕಡಿಮೆ ಬೆಲೆಯ ವೈರ್‌ಲೆಸ್ ಮೈಕುಗಳಲ್ಲಿ ಎಷ್ಟೋ ಮಾದರಿಗಳು ಮಾತನ್ನು ಗೂಢಲಿಪಿ (ಎನ್‌ಕ್ರಿಪ್ಟ್) ಮಾಡದೆ ಗಾಳಿಗೆ ಬಿಡುತ್ತವೆ, ಇಲ್ಲಿ ತಂತಿಯ ಮೈಕೇ ಇರಲಿ.

ಎಲ್ಲಿ ಕೂತು ಮಾತನಾಡಿಸಬೇಕು? ಸಾಧ್ಯವಾದರೆ ಊರಿನಲ್ಲಿ ಬೇಡ. ತೊಗರಿ ರಾಶಿ ಮುಗಿದ ಮೇಲೆ ಈ ಭಾಗದ ಸಾವಿರಾರು ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ನಿಮ್ಮ ಕೇರಿಯವರಲ್ಲೂ ಹೋದವರು ಇದ್ದೇ ಇರುತ್ತಾರೆ. ಅಲ್ಲಿ ಅವರು ಬಿಚ್ಚಿ ಮಾತನಾಡುತ್ತಾರೆ, ಹಿನ್ನೆಲೆಯಲ್ಲಿ ಊರಿನ ಗುರುತೂ ಬರುವುದಿಲ್ಲ. ಒಂದನ್ನು ಮಾತ್ರ ಮೊದಲು ವಿಚಾರಿಸಿ: ಅವರನ್ನು ಕರೆದೊಯ್ದ ಮೇಸ್ತ್ರಿ ಯಾವ ಊರಿನವನು, ಯಾವ ಗುಂಪಿನವನು. ಮುಂಗಡ ಕೊಟ್ಟವನು ಎದುರು ಪಕ್ಷದವನಾಗಿದ್ದರೆ ಬೆಂಗಳೂರಿನ ಶೆಡ್ಡು ಕೂಡ ಆ ಊರಿನ ಓಣಿಯೇ.

ಒಪ್ಪಿಗೆಯನ್ನು ಎರಡು ಸಲ ಪಡೆಯಿರಿ, ಶೂಟಿಂಗ್ ಮುಂಚೆ ಒಮ್ಮೆ, ಸಂಕಲನವಾದ ತುಣುಕು ತೋರಿಸಿ ಇನ್ನೊಮ್ಮೆ. ಯಾವ ದಿನಾಂಕದವರೆಗೆ ‘ಬೇಡ’ ಎನ್ನಬಹುದು ಎಂಬುದನ್ನು ಅವರ ಮಾತಿನಲ್ಲೇ ತಿಳಿಸಿ. ಹೆಂಗಸರ ಒಪ್ಪಿಗೆಯನ್ನು ಗಂಡಸರು ಎದುರಿಗಿಲ್ಲದಾಗ ಕೇಳಿ. ‘ನನ್ನ ಹೆಸರು ಇಂಥದ್ದು, ನನಗೆ ಒಪ್ಪಿಗೆ ಇದೆ’ ಎಂದು ವಿಡಿಯೊದಲ್ಲಿ ಹೇಳಿಸುವ ರೂಢಿ ಇಲ್ಲಿ ಅಪಾಯಕಾರಿ. ಪ್ರತಿಯೊಬ್ಬರಿಗೂ ಒಂದು ಅಂಕಿ ಕೊಡಿ. ಅಂಕಿಗೆ ಹೆಸರು ಹೊಂದಿಸುವ ಒಂದೇ ಕಾಗದ ವಕೀಲರ ಬಳಿ ಇರಲಿ, ಫೋನಿನಲ್ಲಾಗಲಿ ಲ್ಯಾಪ್‌ಟಾಪಿನಲ್ಲಾಗಲಿ ಬೇಡ.

ಇಲ್ಲೊಂದು ಕಾನೂನಿನ ತೊಡಕಿದೆ, ದಯವಿಟ್ಟು ಗಮನವಿಟ್ಟು ಓದಿ. ಹೊಡೆದಾಟದ ಪ್ರಕರಣ ದಾಖಲಾಗಿದ್ದು ನೀವು ಮಾತನಾಡಿಸುವವರು ಅದರಲ್ಲಿ ಸಾಕ್ಷಿಯಾಗಿದ್ದರೆ, ಅವರು ನಿಮ್ಮ ಮುಂದೆ ಆಡಿದ ಮಾತು ಮುಂದೆ ನ್ಯಾಯಾಲಯದಲ್ಲಿ ಅವರ ವಿರುದ್ಧವೇ ಬರಬಹುದು. ಠಾಣೆಯಲ್ಲಿ ‘ರಾತ್ರಿ ಎಂಟು’ ಎಂದವರು ಕ್ಯಾಮೆರಾ ಮುಂದೆ ‘ಒಂಬತ್ತು ಆಗಿತ್ತೇನೋ’ ಎಂದರೆ ಎದುರು ವಕೀಲರಿಗೆ ಪಾಟೀಸವಾಲಿನಲ್ಲಿ ಅಷ್ಟೇ ಸಾಕು. ಒಂದು ಸಾಕ್ಷ್ಯಚಿತ್ರಕ್ಕಾಗಿ ಬಡವರ ಮೊಕದ್ದಮೆ ಬಿದ್ದುಹೋಗಬಾರದು. ಸಾಕ್ಷಿಗಳ ಬಳಿ ಘಟನೆಯ ಕ್ರಮ, ಹೊತ್ತು, ಯಾರು ಮೊದಲು ಹೊಡೆದರು ಎಂಬುದನ್ನು ಕೇಳಲೇಬೇಡಿ. ಬಹಿಷ್ಕಾರದ ನಂತರ ಹಿಟ್ಟು ಎಲ್ಲಿಂದ ತರುತ್ತಾರೆ, ಗಿರಣಿಗೆ ಎಷ್ಟು ದೂರ ನಡೆಯುತ್ತಾರೆ, ಮಕ್ಕಳು ಶಾಲೆಯಲ್ಲಿ ಎಲ್ಲಿ ಕೂರುತ್ತಾರೆ ಎಂದು ಕೇಳಿ. ಚಿತ್ರಕ್ಕೂ ಇದೇ ಹೆಚ್ಚು ಬಲ ಕೊಡುತ್ತದೆ. ಕೇರಿ ಪರಿಶಿಷ್ಟರದ್ದಾಗಿದ್ದರೆ ಸಾಮಾಜಿಕ, ಆರ್ಥಿಕ ಬಹಿಷ್ಕಾರವೇ ದೌರ್ಜನ್ಯ ತಡೆ ಕಾಯ್ದೆಯ 3(1)(ಝಡ್‌ಸಿ) ಅಡಿ ಅಪರಾಧ. ಅದೇ ಕಾಯ್ದೆಯ 15ಎ ಕಲಮು ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ ಕೇಳುವ ಹಕ್ಕು ಕೊಡುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಪ್ರಕರಣದಲ್ಲಿರುವ ಮಕ್ಕಳ ಗುರುತನ್ನೂ ಕಾನೂನು ಹೀಗೆಯೇ ಕಾಯುತ್ತದೆ.

ಕಾರ್ಡು ಮತ್ತು ಪ್ರತಿಗಳು

4ಕೆ ದೃಶ್ಯವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಹಿಡಿದರೆ ಒಂದು ತಾಸಿಗೆ 45 ಜಿಬಿ ಬೇಕು. 64 ಜಿಬಿ ಕಾರ್ಡಿನಲ್ಲಿ ಸುಮಾರು 85 ನಿಮಿಷ ಹಿಡಿಸುತ್ತದೆ. ದೊಡ್ಡ ಕಾರ್ಡ್ ಕೊಳ್ಳುವ ಆಸೆ ಬೇಡ, 64ರದ್ದೇ ಆರೆಂಟು ತನ್ನಿ. ಒಂದು ಕಾರ್ಡಿಗೆ ಒಬ್ಬರ ಮಾತು ಮಾತ್ರ. ಒಂದು ಕಾರ್ಡ್ ಕಳೆದರೆ, ಕಸಿದುಕೊಂಡರೆ, ಬಯಲಾಗುವುದು ಒಬ್ಬರೇ ಹೊರತು ಇಡೀ ಕೇರಿಯಾಗಬಾರದು. ಕ್ಯಾಮೆರಾದಲ್ಲಿ ಎರಡು ಸ್ಲಾಟ್ ಇದ್ದರೆ ಎರಡರಲ್ಲೂ ಒಟ್ಟಿಗೆ ಬರೆಸಿ, ಸಂದರ್ಶನ ಮುಗಿದ ಕೂಡಲೇ ಎರಡನೇ ಕಾರ್ಡನ್ನು ತೆಗೆದು ಜೊತೆಗಾರರಿಗೆ ಕೊಡಿ.

ಸಾಮಾನ್ಯ ಕ್ಯಾಮೆರಾಗಳು ಕಾರ್ಡಿಗೆ ಬರೆಯುವಾಗ ಗೂಢಲಿಪಿ ಬಳಸುವುದಿಲ್ಲ. ಕಾರ್ಡ್ ಯಾರ ಕೈಗೆ ಸಿಕ್ಕಿತೋ ಅವರು ನೋಡಬಹುದು. ಹಾಗಾಗಿ ಅದೇ ರಾತ್ರಿ ಎರಡು ಎಸ್‌ಎಸ್‌ಡಿಗಳಿಗೆ ನಕಲು ಮಾಡಬೇಕು. ಎರಡನ್ನೂ ಮೊದಲೇ ವೆರಾಕ್ರಿಪ್ಟ್‌ನಂಥ ತಂತ್ರಾಂಶದಿಂದ ಪೂರ್ತಿ ಗೂಢಲಿಪಿ ಮಾಡಿಟ್ಟಿರಬೇಕು. ಪಾಸ್‌ವರ್ಡು ಆರೇಳು ಬಿಡಿ ಪದಗಳದ್ದಿರಲಿ, ಮರೆತರೆ ತೆರೆಯುವ ದಾರಿಯಿಲ್ಲ ಎಂಬುದೂ ನೆನಪಿರಲಿ. ನಕಲಾದ ಮೇಲೆ ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಒಂದು ಸಂಕೇತ) ತೆಗೆದು ಮೂಲಕ್ಕೂ ನಕಲಿಗೂ ತಾಳೆ ನೋಡಿ. 64 ಅಕ್ಷರಗಳೂ ಒಂದೇ ಇರಬೇಕು. ಇದರಿಂದ ನಕಲು ಕೆಟ್ಟಿಲ್ಲ ಎಂದು ಖಾತ್ರಿಯಾಗುತ್ತದೆ. ಮುಂದೆ ಫೂಟೇಜನ್ನು ಸಾಕ್ಷ್ಯವಾಗಿ ಒಪ್ಪಿಸಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶನ್ನೇ ನಮೂದಿಸಬೇಕಾಗುತ್ತದೆ. ಒಂದು ಎಸ್‌ಎಸ್‌ಡಿ ಕಲಬುರಗಿಯಲ್ಲಿ, ಇನ್ನೊಂದು ಬೇರೆ ಜಿಲ್ಲೆಯಲ್ಲಿ ಇರಲಿ. ಎರಡೂ ಒಂದೇ ಚೀಲದಲ್ಲಿದ್ದರೆ ಅದು ಒಂದೇ ಪ್ರತಿ.

ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಫೈಲುಗಳ ಪಟ್ಟಿ ಅಳಿಯುತ್ತದೆ, ದೃಶ್ಯ ಅಲ್ಲೇ ಇರುತ್ತದೆ. ಮಾರುಕಟ್ಟೆಯ ಸಾದಾ ತಂತ್ರಾಂಶದಿಂದ ಅದನ್ನು ಎತ್ತಬಹುದು. ತಾಳೆ ನೋಡಿದ ಮೇಲೆ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ರಸ್ತೆ, ಹೊಲ, ಆಕಾಶ ಹಿಡಿಯುತ್ತ ಪೂರ್ತಿ ತುಂಬಿಸಿ, ಮತ್ತೆ ಫಾರ್ಮ್ಯಾಟ್ ಮಾಡಿ. ಆಗಲೂ ಚೂರುಪಾರು ಉಳಿಯಬಹುದು. ತೀರ ಸೂಕ್ಷ್ಮವಾದ ಸಂದರ್ಶನದ ಕಾರ್ಡನ್ನು ಮತ್ತೆ ಊರಿಗೆ ಒಯ್ಯದಿರುವುದೇ ಸರಿ. ಆದರೆ ಪೊಲೀಸರಿಂದಲೋ ನ್ಯಾಯಾಲಯದಿಂದಲೋ ನೋಟಿಸ್ ಬಂದ ಗಳಿಗೆಯಿಂದ ಒಂದು ಫ್ರೇಮನ್ನೂ ಅಳಿಸಬೇಡಿ. ಸಾಕ್ಷ್ಯ ಸಿಗದಂತೆ ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡುವುದು ಅಪರಾಧ. ಮುಖವಿಲ್ಲದೆ ಹಿಡಿಯಿರಿ ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಹಿಡಿಯದೇ ಇದ್ದದ್ದನ್ನು ಅಳಿಸಬೇಕಾಗಿಲ್ಲ, ಒಪ್ಪಿಸಬೇಕಾಗಿಯೂ ಇಲ್ಲ.

ಊರಿನಿಂದಲೇ ಅಪ್‌ಲೋಡ್ ಮಾಡುತ್ತೇವೆ ಎಂಬ ಲೆಕ್ಕ ಕೂಡುವುದಿಲ್ಲ. ಸೆಕೆಂಡಿಗೆ 5 ಮೆಗಾಬಿಟ್ ಏರುವ ಸಂಪರ್ಕದಲ್ಲಿ ಒಂದು ತಾಸಿನ 45 ಜಿಬಿಗೆ 20 ತಾಸು ಬೇಕು. ಅದೇ ದೃಶ್ಯವನ್ನು 2 ಮೆಗಾಬಿಟ್ ದರದ ಸಣ್ಣ ಪ್ರತಿ ಮಾಡಿದರೆ 0.9 ಜಿಬಿ ಆಗಿ 24 ನಿಮಿಷದಲ್ಲಿ ಹೋಗುತ್ತದೆ. ಅದನ್ನು ಗೂಢಲಿಪಿ ಮಾಡಿ ಕಳಿಸಿ. ಮೂಲ ಹೋದರೂ ಮಾತು ಉಳಿಯುತ್ತದೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆರಿಸಿಡಿ. ಬೆರಳಚ್ಚು, ಮುಖ ತೋರಿಸಿ ತೆರೆಯುವ ಬೀಗ ತೆಗೆದು ಉದ್ದನೆಯ ಪಿನ್ ಹಾಕಿ. ನಿಮ್ಮ ಬೆರಳನ್ನು ಹಿಡಿದು ಒತ್ತಿಸುವುದು ಯಾರಿಗೂ ಕಷ್ಟವಲ್ಲ.

ಬಿಸಿಲಿನ ಬಗ್ಗೆ ಎರಡು ಮಾತು. ಬಹಳಷ್ಟು ಮಿರರ್‌ಲೆಸ್ ಕ್ಯಾಮೆರಾಗಳ ಕೈಪಿಡಿಯಲ್ಲಿ ಕೆಲಸದ ಉಷ್ಣತೆಯ ಮಿತಿ 40 ಡಿಗ್ರಿ ಎಂದಿರುತ್ತದೆ. ಏಪ್ರಿಲ್–ಮೇನಲ್ಲಿ ನಮ್ಮಲ್ಲಿ ನೆರಳಲ್ಲೇ 42 ದಾಟುತ್ತದೆ, 4ಕೆ ಹಿಡಿಯುವಾಗ ಕ್ಯಾಮೆರಾ ಕಾದು ತಾನೇ ನಿಲ್ಲುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆ ನಂತರ ಕೆಲಸ ಇಟ್ಟುಕೊಳ್ಳಿ. ಕ್ಯಾಮೆರಾ ಮೇಲೆ ಬಿಳಿ ಬಟ್ಟೆ ಹೊದಿಸಿ, ಬ್ಯಾಟರಿಗಳನ್ನು ನಿಂತ ಕಾರಿನಲ್ಲಿ ಬಿಡಬೇಡಿ, ಒಬ್ಬೊಬ್ಬರಿಗೆ ದಿನಕ್ಕೆ ಐದು ಲೀಟರ್ ನೀರು ಮತ್ತು ಓಆರ್‌ಎಸ್ ಇರಲಿ.

ಗುಂಪು ಸೇರಿದಾಗ, ಪೊಲೀಸರು ತಡೆದಾಗ

ಪೊಲೀಸರಿಗೂ ಗುಂಪಿಗೂ ನಡುವೆ ಎಂದೂ ನಿಲ್ಲಬೇಡಿ. ಬದಿಯ ಓಣಿಯ ಬಾಯಲ್ಲಿ, ಬೆನ್ನಿಗೆ ಗೋಡೆ ಇರುವಂತೆ ನಿಂತರೆ ಕಲ್ಲು ಎರಡು ದಿಕ್ಕಿನಿಂದ ಬರುವುದಿಲ್ಲ, ಹಿಂದಕ್ಕೆ ದಾರಿಯೂ ಇರುತ್ತದೆ. ಮಾಳಿಗೆ ಹತ್ತಿದರೆ ಚಿತ್ರ ಚೆನ್ನಾಗಿ ಬರುತ್ತದೆ, ಇಳಿಯುವ ಏಣಿ ಮಾತ್ರ ಒಂದೇ ಇರುತ್ತದೆ. ಒಬ್ಬರು ಹಿಡಿಯುವಾಗ ಇನ್ನೊಬ್ಬರು ಅವರ ಚೀಲ ಹಿಡಿದು ಸುತ್ತ ನೋಡುತ್ತಿರಬೇಕು, ‘ಸಾಕು’ ಎಂದ ಕೂಡಲೇ ಚರ್ಚೆಯಿಲ್ಲದೆ ಹೊರಡಬೇಕು. ವ್ಯೂಫೈಂಡರಿಗೆ ಕಣ್ಣು ಕೊಟ್ಟವರಿಗೆ ಬದಿಯಿಂದ ಬರುವುದು ಕಾಣುವುದಿಲ್ಲ, ಇಂಥ ಕಡೆ ಪರದೆ ನೋಡಿಯೇ ಹಿಡಿಯಿರಿ. ಖಾಕಿ ಬಣ್ಣದ್ದನ್ನು ತೊಡಬೇಡಿ. ತಲೆಗೆ ಹೆಲ್ಮೆಟ್ ಇರಲಿ; ಬೈಕಿನದು ಕಿವಿ ಮುಚ್ಚಿ ಬದಿಯ ನೋಟ ಕಡಿಮೆ ಮಾಡುತ್ತದೆ, ಕಾರ್ಖಾನೆಯ ಪಟ್ಟಿ ಇರುವ ಟೋಪಿ ಹಗುರ. ಅಶ್ರುವಾಯು ಬಿಟ್ಟರೆ ಗಾಳಿ ಬರುವ ದಿಕ್ಕಿಗೆ ಸರಿಯಿರಿ, ಕಣ್ಣು ಉಜ್ಜದೆ ಶುದ್ಧ ನೀರಿನಿಂದ ಹತ್ತು-ಹದಿನೈದು ನಿಮಿಷ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಹೋಗಬೇಡಿ. ಬಿದ್ದ ಶೆಲ್ ಕಾದಿರುತ್ತದೆ, ಮುಟ್ಟಬೇಡಿ.

ರಕ್ತ ಸುರಿಯುವ ಗಾಯಕ್ಕೆ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುವೆ ಎತ್ತಿ ನೋಡಿದರೆ ಕಟ್ಟಿದ ರಕ್ತ ಮತ್ತೆ ಒಡೆಯುತ್ತದೆ. ಕೈಕಾಲಿನ ಗಾಯದಲ್ಲಿ ಒತ್ತಿದರೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ 5ರಿಂದ 7 ಸೆಂ.ಮೀ. ಬಿಟ್ಟು, ಕೀಲಿನ ಮೇಲೆ ಬಾರದಂತೆ, ಟೂರ್ನಿಕೆ (ರಕ್ತ ತಡೆಯುವ ಬಿಗಿಪಟ್ಟಿ) ಬಿಗಿದು ಕಟ್ಟಿದ ಹೊತ್ತನ್ನು ಬರೆಯಿರಿ. ಯಾದಗಿರಿಯ ಯಿಮ್ಸ್ ಆಸ್ಪತ್ರೆಗೆ ಎಷ್ಟು ಹೊತ್ತು, ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ಚಾಲಕನಿಗೆ ಮೊದಲೇ ಗೊತ್ತಿರಲಿ. 108 ಬರುವ ಹೊತ್ತಿಗೆ ನೀವೇ ಅರ್ಧ ದಾರಿ ಮುಟ್ಟಬಹುದು.

ನಿಷೇಧಾಜ್ಞೆಯ ಪ್ರತಿ ಪಡೆದು ಪೂರ್ತಿ ಓದಿ. ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ ಆದೇಶ, ಹಳೆಯ 144. ಕಲಬುರಗಿ ನಗರದಲ್ಲಿ ಪೊಲೀಸ್ ಆಯುಕ್ತರು ಹೊರಡಿಸುತ್ತಾರೆ, ನಿಮ್ಮ ಊರಿಗೆ ಜಿಲ್ಲಾಧಿಕಾರಿ ಇಲ್ಲವೆ ತಹಶೀಲ್ದಾರರು. ಸಾಮಾನ್ಯವಾಗಿ ಐದು ಅಥವಾ ಹೆಚ್ಚು ಜನ ಸೇರುವುದನ್ನು ಅದು ತಡೆಯುತ್ತದೆ, ಇಬ್ಬರ ತಂಡ ಅದರೊಳಗೆ ಬರುವುದಿಲ್ಲ. ಆದರೆ ನಿಮ್ಮನ್ನು ನೋಡಲು ಹತ್ತು ಹುಡುಗರು ನೆರೆದರೆ ಕಥೆ ಬೇರೆ. ಹೊರಗಿನವರ ಪ್ರವೇಶವನ್ನೇ ತಡೆದ ಆದೇಶವಾದರೆ ಕಾಯುವುದೇ ದಾರಿ. ಚಿತ್ರೀಕರಣದ ವಿಷಯ ಮತ್ತು ದಿನಗಳನ್ನು ತಿಳಿಸಿ ಎಸ್‌ಪಿ ಕಚೇರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅದರಲ್ಲಿ ಯಾರನ್ನು ಮಾತನಾಡಿಸುತ್ತೀರಿ ಎಂಬುದು ಇರಕೂಡದು. ಡ್ರೋನ್ ಯೋಚನೆ ಬಿಡಿ. ಅದರ ಸದ್ದೇ ಊರನ್ನು ಕೆರಳಿಸುತ್ತದೆ. ಮುಂದೆ ಬೀದರ್‌ನಲ್ಲಿ ಕೆಲಸ ಬಿದ್ದರಂತೂ ವಾಯುಪಡೆ ನೆಲೆ ಇರುವ ಊರು ಅದು, ಹಾರಿಸುವ ಮಾತೇ ಬೇಡ.

ಕ್ಯಾಮೆರಾ ಜಪ್ತಿ ಮಾಡುತ್ತೇವೆ ಎಂದರೆ ಕೈ ಅಡ್ಡ ಮಾಡಬೇಡಿ, ಬಾಯಿಂದ ಕೇಳಿ: ಯಾವ ಪ್ರಕರಣ, ಜಪ್ತಿ ಪಟ್ಟಿ ಎಲ್ಲಿ, ಅದರಲ್ಲಿ ಪ್ರತಿ ಕಾರ್ಡಿನ ವಿವರ ಇದೆಯೇ. ಶೋಧ ಮತ್ತು ಜಪ್ತಿಯನ್ನು ಆಡಿಯೊ-ವಿಡಿಯೊದಲ್ಲಿ ದಾಖಲಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ. ಓದದೆ ಸಹಿ ಹಾಕಬೇಡಿ. ಬಂಧಿಸಿದರೆ ಕಾರಣ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ. ಅಲ್ಲಿ ಕೆಲಸ ಮಾಡುವ ಒಬ್ಬ ವಕೀಲರಿಗೆ ಮೊದಲ ದಿನವೇ ವಕಾಲತ್ತು ಸಹಿ ಮಾಡಿ ಕೊಟ್ಟಿಡಿ.

ಚಿತ್ರ ಮುಗಿದ ಮೇಲೆ

ಹಣದಲ್ಲಿ ಹತ್ತನೇ ಒಂದು ಪಾಲನ್ನು ಮೊದಲೇ ತೆಗೆದಿಡಿ. ಬಿಡುಗಡೆಯ ನಂತರ ಯಾರಾದರೂ ಕೆಲವು ವಾರ ಊರು ಬಿಟ್ಟಿರಬೇಕಾದರೆ ಬಾಡಿಗೆ, ಬಸ್ಸು, ಕೂಲಿ ನಷ್ಟ ಅದರಿಂದ ಹೋಗಬೇಕು. ಬಿಡುಗಡೆಯ ದಿನವನ್ನು ಮಾತನಾಡಿದವರಿಗೆ ಹದಿನೈದು ದಿನ ಮೊದಲು ತಿಳಿಸಿ. ಊರ ಜಾತ್ರೆ, ಉರುಸು, ಚುನಾವಣೆಯ ಆಸುಪಾಸಿನ ವಾರಗಳನ್ನು ಬಿಡಿ, ಗುಳೆ ಹೋದವರೆಲ್ಲ ಊರಲ್ಲಿ ಸೇರುವ ದಿನಗಳವು. ಮೊದಲ ಎರಡು ವಾರ ದಿನಾ ಒಂದು ಕರೆ, ಆಮೇಲೆ ಮೂರು ತಿಂಗಳು ವಾರಕ್ಕೊಂದು. ಮೊದಲ ಪ್ರದರ್ಶನ ಆ ಊರಿನಲ್ಲಿ ಬೇಡ.

ಉಳಿದ ಫೂಟೇಜನ್ನು ಎಸೆಯುವ ಮುಂಚೆ ಯೋಚಿಸಿ. ಈ ಸೀಮೆಗೆ 1948ರ ನೆನಪಿದೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮನ ಪರವಾಗಿದ್ದ ರಜಾಕಾರರು ನಡೆಸಿದ ಕೊಲೆಗಳ ನೆನಪಿದೆ, ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯ ನೆನಪೂ ಇದೆ. ಆ ಎರಡನೆಯದನ್ನು ವಿಚಾರಿಸಿದ ಪಂಡಿತ್ ಸುಂದರಲಾಲ್ ಸಮಿತಿಯ ವರದಿ ಸಾರ್ವಜನಿಕರ ಕೈಗೆ ಸಿಗಲು ದಶಕಗಳೇ ಹಿಡಿದವು. ಇಂದು ಹೇಳಲಾಗದ ಮಾತನ್ನು ಮೊಮ್ಮಕ್ಕಳ ಕಾಲದಲ್ಲಿ ಹೇಳಬಹುದು. ಎಷ್ಟು ವರ್ಷ ಮುಚ್ಚಿಡಬೇಕು, ಆಮೇಲೆ ಯಾರು ತೆರೆಯಬಹುದು ಎಂದು ಮಾತನಾಡಿದವರನ್ನೇ ಕೇಳಿ, ಅವರ ಅಂಕಿಯ ಮುಂದೆ ಬರೆದಿಡಿ. ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಬರೆದದ್ದು ಮಾಸಬಹುದು. ದೀರ್ಘಕಾಲಕ್ಕೆ ಎರಡು ಹಾರ್ಡ್ ಡಿಸ್ಕಿಗೆ ದಾಟಿಸಿ, ವರ್ಷಕ್ಕೊಮ್ಮೆ ಚಾಲೂ ಮಾಡಿ ಹ್ಯಾಶ್ ತಾಳೆ ನೋಡಿ, ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲು ಮಾಡಿ.